ಡಬ್ಲಿನ್ ನಗರದಲ್ಲಿ ವಿಭೂತಿಹಳ್ಳಿಯ ಕಲ್ಲುಗಳು

ವಿದೇಶಯಾತ್ರೆ ಮಾಡಿ ಬಂದವರು ಬರೆಯುವ ಲೇಖನಗಳಿಗೆ ನಮ್ಮಲ್ಲಿ ಒಂದು ಕ್ರಮ ಬಿದ್ದುಹೋಗಿದೆ. ವಿಮಾನವು ನೆಲ ಬಿಟ್ಟಾಗ ಆದ ಪುಳಕ, ಪರಸ್ಥಳದ ಚಳಿ, ಊಟಕ್ಕೆ ಪಟ್ಟ ಪಾಡು, ಬೀದಿಗಳ ನೈರ್ಮಲ್ಯ, ಕಡೆಯಲ್ಲಿ ನಮ್ಮ ದೇಶವು ಎಂದಿಗೆ ಹೀಗಾದೀತು ಎಂಬ ಒಂದು ನಿಟ್ಟುಸಿರು. ಇಷ್ಟಿದ್ದರೆ ಲೇಖನವು ಪೂರ್ಣವಾಯಿತು. ಗೋಕಾಕರು, ಕಾರಂತರು, ಗೊರೂರರು ಪರದೇಶಗಳನ್ನು ಕಂಡು ಬರೆದ ಪುಸ್ತಕಗಳು ಈ ಸಾಲಿಗೆ ಸೇರಿದವಲ್ಲ. ಅವರಿಗೆ ನೋಡುವ ಕಣ್ಣಿತ್ತು. ನನಗೆ ಅಂಥ ಕಣ್ಣುಂಟೆಂದು ಹೇಳಿಕೊಳ್ಳಲಾರೆನು. ಆದರೆ ೨೦೨೩ರ ಜೂನ್ ತಿಂಗಳಲ್ಲಿ ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ನಿಗೆ ಹೋದಾಗ ನನಗೆ ಒಂದು ಕೆಲಸವಿತ್ತು. ನೂರ ಎಪ್ಪತ್ತು ವರ್ಷಗಳ ಹಿಂದೆ ನಮ್ಮ ಹೊಲಗದ್ದೆಗಳ ನಡುವಿನ ಕಲ್ಲುಗಳ ಮುಂದೆ ನಿಂತು, ಅವನ್ನು ಅಳೆದು, ಅವುಗಳ ವಿಷಯ ಬರೆದ ಒಬ್ಬ ಮನುಷ್ಯನು ತನ್ನ ಮುಪ್ಪಿನ ಬಹುಭಾಗವನ್ನು ಆ ನಗರದಲ್ಲಿ ಕಳೆದಿದ್ದನು. ಅವನು ಅಲ್ಲಿ ಏನನ್ನು ಬಿಟ್ಟುಹೋಗಿದ್ದಾನೆಂಬುದನ್ನು ನಾನು ನೋಡಬೇಕಾಗಿತ್ತು.

ನಾನು ಯಾದಗಿರಿಗೆ ಸಮೀಪದ ಮುದನಾಳದವನು. ಶಹಾಪುರ, ಸುರಪುರಗಳ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸವನ್ನು ಕಲಿಸಿದವನು. ಶಹಾಪುರದಲ್ಲಿದ್ದಷ್ಟು ಕಾಲವೂ ಪ್ರತಿವರ್ಷ ಹುಡುಗರನ್ನು ಕರೆದುಕೊಂಡು ವಿಭೂತಿಹಳ್ಳಿಗೆ ಹೋಗುತ್ತಿದ್ದೆನು. ಆ ಊರ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಸಾಲುಸಾಲಾಗಿ, ಪಗಡೆಯ ಹಾಸಿನ ಮನೆಗಳಂತೆ ಅಂತರವಿಟ್ಟು ಜೋಡಿಸಿದ್ದಾರೆ. ಯಾರು, ಏಕೆ ಎಂದು ಹುಡುಗರು ಕೇಳುತ್ತಿದ್ದರು. ಕೇಳಬೇಕೆಂದೇ ನಾನು ಅವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದುದು. ಆ ಕಲ್ಲುಗಳನ್ನು ಹೊರಜಗತ್ತಿಗೆ ಮೊದಲು ತಿಳಿಸಿದವನು ಟೇಲರ್ ಸಾಹೇಬನು ಎಂದು ಹೇಳಿದ ಕೂಡಲೆ, ಸುರಪುರದ ಕಡೆಯ ಒಬ್ಬ ಹುಡುಗನಾದರೂ "ಟೇಲರ್ ಮಂಜಿಲ್ ಸಾಹೇಬನೇನ್ರಿ ಸರ್?" ಎಂದು ಕೂಗುವುದು ರೂಢಿಯಾಗಿತ್ತು.

ಹೌದು, ಅದೇ ಸಾಹೇಬನು. ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿರುವ ಬಂಗಲೆಯ ಫಿಲಿಪ್ ಮೆಡೋಸ್ ಟೇಲರನು. ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಇವನು ಹದಿನಾರು ತುಂಬುವ ಮೊದಲೇ, ೧೮೨೪ರಲ್ಲಿ, ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆಂದು ಹಡಗು ಹತ್ತಿ ಬಂದನು. ಇಲ್ಲಿ ಬಂದು ನೋಡಿದರೆ ಆ ವ್ಯಾಪಾರದ ಭರವಸೆಯೆಲ್ಲ ಟೊಳ್ಳು. ನಂಟರೊಬ್ಬರ ವಶೀಲಿಯಿಂದ ನಿಜಾಮನ ಸೈನ್ಯವನ್ನು ಸೇರಿದನು. ಆಂಗ್ಲ ಸಾಹಿತ್ಯವನ್ನು ಓದಿದವರಿಗೆ ಅವನು ೧೮೩೯ರಲ್ಲಿ ಪ್ರಕಟವಾದ ಠಕ್ಕನ ಕಥೆಯ ಕಾದಂಬರಿಕಾರನು. ನಮಗೆ ಅವನು ೧೮೪೧ರಿಂದ ೧೮೫೩ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಅಧಿಕಾರಿಯು. ಜನರು ಮೆಡೋಸ್ ಎಂಬ ಹೆಸರನ್ನು ತಮ್ಮ ನಾಲಿಗೆಗೆ ಹೊಂದಿಸಿಕೊಂಡು ಅವನನ್ನು 'ಮಹಾದೇವ ಬಾಬಾ' ಎಂದು ಕರೆದರಂತೆ. ಪರಕೀಯನನ್ನು ಹೀಗೆ ದೇವರ ಹೆಸರಿನಲ್ಲಿ ಅಡಗಿಸಿಬಿಡುವುದು ನಮ್ಮ ಜನರಿಗೆ ಒಲಿದ ವಿದ್ಯೆ.

ಡಬ್ಲಿನ್ನಿನಲ್ಲಿ ನನ್ನ ಮಗಳು ಆರು ವರ್ಷಗಳಿಂದ ಇದ್ದಾಳೆ. ಅವಳೂ ಅಳಿಯನೂ ಅಲ್ಲಿ ಕೆಲಸದಲ್ಲಿದ್ದಾರೆ. ಐದು ವರ್ಷದ ಮೊಮ್ಮಗನು ಅಲ್ಲಿಯೇ ಹುಟ್ಟಿದವನು. ನನ್ನ ಪ್ರಯಾಣಕ್ಕೆ ಅದೇ ನೆಪ. ಪ್ರಯಾಣವನ್ನು ವಿವರಿಸುವಷ್ಟು ಅದರಲ್ಲಿ ಏನೂ ಇಲ್ಲ. ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದು, ಅಲ್ಲಿಂದ ದುಬೈ, ದುಬೈಯಿಂದ ಡಬ್ಲಿನ್. ಟೇಲರನು ಕಡಲ ಮೇಲೆ ತಿಂಗಳುಗಟ್ಟಲೆ ಕಳೆದ ದಾರಿಯನ್ನು ನಾನು ಎರಡು ದಿನಗಳೊಳಗೆ, ಅದೂ ಬಹುಮಟ್ಟಿಗೆ ನಿದ್ದೆಯಲ್ಲಿ, ಹಿಂದುಮುಂದಾಗಿ ನಡೆದುಬಿಟ್ಟಿದ್ದೆನು. ದೂರವು ಕಡಿಮೆಯಾಯಿತೆಂದು ಹಿಗ್ಗುವವರು ಹಿಗ್ಗಲಿ. ಅಷ್ಟು ಬೇಗ ತಲುಪಿದ ಊರನ್ನು ನಂಬಲು ನನಗಂತೂ ಮೂರು ದಿನ ಹಿಡಿಯಿತು. ರಾತ್ರಿ ಹತ್ತಕ್ಕೂ ಆಕಾಶದಲ್ಲಿ ಬೆಳಕು ನಿಂತಿರುತ್ತಿತ್ತು. ದೀಪ ಹಚ್ಚುವ ಹೊತ್ತು ಯಾವುದೆಂದು ತಿಳಿಯದೆ, ಊರಿನಲ್ಲಿ ಇಷ್ಟುಹೊತ್ತಿಗೆ ಏನಾಗುತ್ತಿರಬಹುದೆಂದು ಗಡಿಯಾರವನ್ನು ನೋಡಿಯೇ ಲೆಕ್ಕ ಹಾಕಬೇಕಾಗಿತ್ತು.

ಡಬ್ಲಿನ್ ದೊಡ್ಡ ನಗರವೇನಲ್ಲ. ಲಂಡನ್, ಪ್ಯಾರಿಸುಗಳ ವರ್ಣನೆಗಳನ್ನು ಓದಿದವನಿಗೆ ಅದು ಒಂದು ಹಿರಿಯ ಪೇಟೆಯಂತೆಯೇ ಕಾಣುತ್ತದೆ. ನಡುವೆ ಲಿಫಿ ಎಂಬ ನದಿ. ಬೇಸಿಗೆಯಲ್ಲಿ ನಮ್ಮ ಭೀಮೆಯು ಮರಳಿನ ನಡುವೆ ಒಂದು ಗೆರೆಯಾಗಿ ಉಳಿದಾಗಲೂ ಅದರ ಪಾತ್ರದ ಅಗಲವು ಲಿಫಿಗಿಂತ ಮಿಗಿಲು. ಆದರೆ ಆ ಊರಿನ ಹೆಸರು ನನ್ನನ್ನು ಹಿಡಿದು ನಿಲ್ಲಿಸಿತು. ಡಬ್ಲಿನ್ ಎಂಬುದು ಐರಿಷ್ ಭಾಷೆಯ 'ಡುವ್ ಲಿನ್' ಎಂಬುದರಿಂದ ಬಂದದ್ದು. ಅರ್ಥ ಕಪ್ಪು ಮಡು. ಅದೇ ನಗರಕ್ಕೆ ಐರಿಷ್ ಭಾಷೆಯಲ್ಲಿ ಇರುವ ಅಧಿಕೃತ ಹೆಸರು ಬೇರೆ. ಅದರ ಅರ್ಥ ತಡಿಕೆ ಹಾಸಿದ ಹೊಳೆಗಂಡಿಯ ಊರು. ನದಿಯು ತಿಳಿಯಾಗಿ ಹರಿಯುವೆಡೆಯಲ್ಲಿ ತಡಿಕೆಗಳನ್ನು ಹಾಸಿ, ಜನ ದನ ದಾಟುತ್ತಿದ್ದ ಜಾಗವದು. ಭೀಮೆ, ಕೃಷ್ಣೆಗಳ ದಂಡೆಯ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೀದಿಯ ಫಲಕಗಳಲ್ಲೆಲ್ಲ ಮೇಲೆ ಐರಿಷ್, ಕೆಳಗೆ ಇಂಗ್ಲಿಷ್. ಸಂವಿಧಾನದ ಪ್ರಕಾರ ಐರಿಷ್ ಭಾಷೆಯೇ ದೇಶದ ಮೊದಲ ಅಧಿಕೃತ ಭಾಷೆ. ಫಲಕದಲ್ಲಿ ಅದಕ್ಕೆ ಅಗ್ರಪೀಠ. ಆದರೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಉದ್ಯಾನದ ಕಲ್ಲುಹಾಸಿನ ಮೇಲೆ, ಎಲ್ಲಿ ಕಿವಿಗೊಟ್ಟರೂ ಕೇಳುವುದು ಇಂಗ್ಲಿಷೇ. ನನಗೆ ನನ್ನ ತಂದೆಯ ನೆನಪಾಯಿತು. ಅವರು ಶಾಲೆಗೆ ಹೋದದ್ದು ನಿಜಾಮರ ಆಳ್ವಿಕೆಯಲ್ಲಿ. ಓದಿದ್ದೆಲ್ಲ ಉರ್ದು. ಉರ್ದುವಿನಲ್ಲಿ ಅರ್ಜಿಯನ್ನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಅವರು, ತಮ್ಮ ತಾಯಿಗೆ ಕನ್ನಡದಲ್ಲಿ ಒಂದು ಕಾಗದ ಬರೆಯಲು ತಡವರಿಸುತ್ತಿದ್ದರು. ೧೯೪೮ರ ಸೆಪ್ಟೆಂಬರ್ ಕಳೆದು, ೧೯೫೬ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಮಕ್ಕಳ ಪುಸ್ತಕಗಳನ್ನು ಮಡಿಲಲ್ಲಿಟ್ಟುಕೊಂಡು ಅವರು ಕನ್ನಡದ ಒತ್ತಕ್ಷರಗಳನ್ನು ತಿದ್ದಿದರು. ನಮ್ಮ ಕನ್ನಡವು ಮನೆಯಲ್ಲಿ ಬದುಕಿದ್ದು ಕಚೇರಿಯಲ್ಲಿ ಇರಲಿಲ್ಲ. ಇವರ ಐರಿಷ್ ಕಚೇರಿಗೆ ಬಂದಿದೆ. ಬಹುಪಾಲು ಮನೆಗಳಿಂದ ಅದು ಎಂದೋ ಹೊರಟುಹೋಗಿದೆ. ಈ ಎರಡರಲ್ಲಿ ಯಾವುದು ಹೆಚ್ಚಿನ ದುರ್ದೈವವೆಂಬುದನ್ನು ವಾಚಕರೇ ನಿರ್ಣಯಿಸಲಿ.

ನನ್ನ ಮೊಮ್ಮಗನಿಗೆ ಶಾಲೆಯಲ್ಲಿ ಐರಿಷ್ ಕಲಿಸುತ್ತಾರೆ. ಬೆಳಿಗ್ಗೆ ಎದ್ದೊಡನೆ ಬಂದು, "ದೇವರು ನಿನ್ನೊಡನಿರಲಿ" ಎಂಬರ್ಥದ ಅವರ ನಮಸ್ಕಾರವನ್ನು ನನಗೆ ಆ ಭಾಷೆಯಲ್ಲಿ ಹೇಳುವನು. ಕನ್ನಡದಲ್ಲಿ ಅವನ ಭಂಡಾರ ಹತ್ತು ಹನ್ನೆರಡು ಶಬ್ದಗಳದು. ಅವುಗಳಲ್ಲಿ 'ಮುತ್ಯಾ' ಎಂಬುದು ಒಂದೆಂದು ನಾನು ತೃಪ್ತಿಪಟ್ಟುಕೊಳ್ಳಬೇಕು. ಒಂದು ಸಂಜೆ ಮಗಳು ಹೇಳಿದಳು: "ಅಪ್ಪಾ, ಇನ್ನ ಇಲ್ಲೇ ಇದ್ದ್ಬಿಡ್ರಿ. ಅವ್ವ ಹೋದ ಮ್ಯಾಲ ಊರಾಗ ಏನದ ನಿಮಗ? ಕಲ್ಲು ಮಣ್ಣು ಬಿಟ್ರ?" ನಾನು ನಕ್ಕು ಸುಮ್ಮನಾದೆನು. ಮರುದಿನ ಬೆಳಿಗ್ಗೆ ಆ ಕಲ್ಲುಮಣ್ಣನ್ನು ಹುಡುಕಿಕೊಂಡೇ ಡಾಸನ್ ಬೀದಿಗೆ ಹೋದೆನು.

ಡಾಸನ್ ಬೀದಿಯಲ್ಲಿ ರಾಯಲ್ ಐರಿಷ್ ಅಕಾಡೆಮಿ ಇದೆ. ೧೭೮೫ರಲ್ಲಿ ಸ್ಥಾಪಿತವಾದ ವಿದ್ವತ್ಸಭೆ. ೧೮೫೨ರಿಂದ ಈಗಿನ ಮನೆಯಲ್ಲಿ ನಡೆಯುತ್ತಿದೆ. ಹೊರಗಿನಿಂದ ನೋಡಿದರೆ ಅಷ್ಟೊಂದು ಪ್ರಸಿದ್ಧಿಗೆ ತಕ್ಕ ಠೀವಿಯೇನೂ ಕಾಣದು. ಒಳಗೆ ವಾಚನಾಲಯವು ಮಾತ್ರ ಎತ್ತರವಾಗಿ, ಗೋಡೆಯುದ್ದಕ್ಕೂ ಪುಸ್ತಕಗಳ ಅಟ್ಟಣಿಗೆಗಳಿಂದ ಕೂಡಿ, ಹಳೆಯ ಚರ್ಮದ ರಟ್ಟಿನ ಆ ಪರಿಚಿತ ವಾಸನೆಯಿಂದ ತುಂಬಿದೆ. ಚೀಟಿಯಲ್ಲಿ ಹೆಸರು, ಊರು ಬರೆದುಕೊಟ್ಟೆನು. ಊರಿನ ಜಾಗದಲ್ಲಿ 'ಮುದನಾಳ' ಎಂದೇ ಬರೆದೆನು. ಬೇರೆ ಕಡೆಗಳಲ್ಲಿ 'ಬೆಂಗಳೂರಿನ ಹತ್ತಿರ' ಎಂದು ಹೇಳಿ ಪಾರಾಗುವುದುಂಟು. ಅಲ್ಲಿ ಹಾಗೆ ಮಾಡಲು ಮನಸ್ಸಾಗಲಿಲ್ಲ. ಐವತ್ತರ ಆಸುಪಾಸಿನ ಒಬ್ಬ ಗ್ರಂಥಪಾಲಕಿಯು ಅಕಾಡೆಮಿಯ ಗ್ರಂಥಮಾಲೆಯ ೨೪ನೆಯ ಸಂಪುಟವನ್ನು ತಂದು, ಮೆತ್ತನೆಯ ದಿಂಬಿನ ಮೇಲೆ ಮಗುವನ್ನು ಮಲಗಿಸುವಂತೆ ಇಟ್ಟು, ಪೆನ್ಸಿಲನ್ನಲ್ಲದೆ ಬೇರೇನನ್ನೂ ಉಪಯೋಗಿಸಬಾರದೆಂದು ತಿಳಿಸಿ ಹೋದಳು.

ದಖ್ಖಣದ ಕಲ್ಗುಪ್ಪೆಗಳು, ಕಲ್ಮನೆಗಳು, ಮತ್ತಿತರ 'ಕೆಲ್ಟಿಕ್, ದ್ರುಯಿಡಿಕ್ ಅಥವಾ ಸಿಥಿಯನ್' ಸ್ಮಾರಕಗಳನ್ನು ಕುರಿತು ಟೇಲರನು ಈ ಸಭೆಗೆ ಒಪ್ಪಿಸಿದ ದೀರ್ಘ ಪ್ರಬಂಧವದು, ಅಚ್ಚಾದದ್ದು ೧೮೬೨ರಲ್ಲಿ. ಇದಕ್ಕೆ ಮೊದಲೇ ಅವನು ಸುರಪುರ ಸೀಮೆಯ ಕಲ್ಲುಗಳ ವಿಷಯವಾಗಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದನು. ಅವನ ಈ ಬರಹಗಳನ್ನು ಹೈದರಾಬಾದಿನ ಪುರಾತತ್ತ್ವ ಇಲಾಖೆಯು ೧೯೪೧ರಲ್ಲಿ ಒಟ್ಟುಮಾಡಿ ಪ್ರಕಟಿಸಿತು. ಆ ಪುಸ್ತಕವನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಗುಲಬರ್ಗಾದಲ್ಲಿ ಓದಿದ್ದೆನು. ಹಾಗಾಗಿ ವಿಷಯವು ನನಗೆ ಹೊಸದಲ್ಲ. ಆದರೆ ಮಾತು ಹೊಸದಲ್ಲದಿದ್ದರೂ, ಆ ಮಾತು ಮೊದಲು ಆಡಿದ ಮನೆಯಲ್ಲಿ ಕುಳಿತು ಅದನ್ನು ಕೇಳುವುದು ಬೇರೆಯೇ.

ಹೊರಗೆ ಜಿನುಗುಮಳೆ. ನಾನು ಜೇವರ್ಗಿಯ ಬಿಸಿಲಿನಲ್ಲಿದ್ದೆನು. ಭೀಮಾತೀರದ ಜೇವರ್ಗಿಯ ಬಳಿ ಟೇಲರನು ಕಲ್ಗುಪ್ಪೆಗಳನ್ನು ಅಗೆಯಿಸಿ, ಕೆಳಗೆ ಕಂಡ ಕಲ್ಲಿನ ಗೋರಿಗಳನ್ನೂ, ಮಡಕೆಗಳನ್ನೂ, ಅಸ್ಥಿಪಂಜರಗಳನ್ನೂ ಕಂಡಂತೆ ದಾಖಲಿಸಿದ್ದಾನೆ. ಕೆಲವು ಪಂಜರಗಳಲ್ಲಿ ತಲೆಯು ದೇಹದಿಂದ ಬೇರ್ಪಟ್ಟು ಇದ್ದುದನ್ನು ನೋಡಿ ಅದು ನರಬಲಿಯೆಂದು ಊಹಿಸಿದ್ದಾನೆ. ಊಹೆಯ ಮಾತು ಹಾಗಿರಲಿ. ಮಣ್ಣಿನ ಪದರಗಳನ್ನು ಅವನು ಸೀಳಿ ತೋರಿಸಿರುವ ಚಿತ್ರವನ್ನು ನೋಡಬೇಕು. ಯಾವ ಪದರದ ಕೆಳಗೆ ಯಾವುದು ಇತ್ತೆಂಬುದು ಅಲ್ಲಿ ಬಟ್ಟೆಯ ಮಡಿಕೆಯನ್ನು ಬಿಡಿಸಿದಷ್ಟು ಸ್ಪಷ್ಟವಾಗಿದೆ. ೧೯೪೭ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಯಾರನ್ನೂ ಸುಲಭವಾಗಿ ಹೊಗಳುವ ಪ್ರಾಣಿಯಲ್ಲ. ಅಂಥವನು ೧೯೫೪ರ ತನ್ನ ಪುಸ್ತಕದಲ್ಲಿ ಟೇಲರನ ಈ ಚಿತ್ರಣವನ್ನು ಆ ಕಾಲಕ್ಕೆ ಅಪೂರ್ವವೆಂದು ಮೆಚ್ಚಿಕೊಂಡಿದ್ದಾನೆ. ಪುರಾತತ್ತ್ವ ಎಂಬುದು ಇನ್ನೂ ನಿಧಿ ತೋಡುವ ಹವ್ಯಾಸವಾಗಿದ್ದ ಕಾಲದಲ್ಲಿ, ಮಣ್ಣೇ ಸಾಕ್ಷಿಯೆಂಬ ಅರಿವು ಒಬ್ಬ ಕಾದಂಬರಿಕಾರನಿಗೆ ಜೇವರ್ಗಿಯ ಹೊಲದಲ್ಲಿ ಮೂಡಿತ್ತು.

ಅವನ ಸಿದ್ಧಾಂತವಂತೂ ಉಳಿಯಲಿಲ್ಲ. ಬ್ರಿಟನ್, ಐರ್ಲೆಂಡುಗಳ ಕಲ್ಮನೆಗಳನ್ನೂ ರಾಜನಕೋಳೂರಿನ ಕಲ್ಮನೆಗಳನ್ನೂ ಹೋಲಿಸಿ, ಎರಡನ್ನೂ ಒಂದೇ ಜನಾಂಗವು ಕಟ್ಟಿರಬೇಕೆಂದು ಅವನು ನಂಬಿದನು. ಹೋಲಿಕೆಯೇನೋ ಕಣ್ಣಿಗೆ ಹೊಡೆಯುವಂತಿದೆ: ನಿಲ್ಲಿಸಿದ ಬಂಡೆಗಳು, ಮೇಲೊಂದು ಹಾಸುಬಂಡೆ. ಆದರೆ ನಮ್ಮವು ಬಹುಮಟ್ಟಿಗೆ ಕಬ್ಬಿಣದ ಯುಗದವು, ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ಆಚೀಚಿನವು. ಅವರವು ಅದಕ್ಕಿಂತ ಎರಡು ಸಾವಿರ ವರ್ಷಗಳಷ್ಟು ಹಿಂದಿನವು. ಅವರದನ್ನು ಕೆಲ್ಟರೂ ಕಟ್ಟಲಿಲ್ಲ, ನಮ್ಮದನ್ನು ಸಿಥಿಯನ್ನರೂ ಕಟ್ಟಲಿಲ್ಲ. ಸತ್ತವರನ್ನು ಹೂಳಿ, ಗುರುತಿಗೆ ಕಲ್ಲು ನಿಲ್ಲಿಸಬೇಕೆಂದು ತೋರಲು ಮನುಷ್ಯನಿಗೆ ಬೇರೆ ದೇಶದವರ ಉಪದೇಶವೇನೂ ಬೇಕಾಗಿಲ್ಲ. ಟೇಲರನ ಅಳತೆಗಳು ಉಳಿದವು, ಅಭಿಪ್ರಾಯಗಳು ಹೋದವು. ವಿದ್ವಾಂಸನಾದವನಿಗೆ ಇದಕ್ಕಿಂತ ಒಳ್ಳೆಯ ಗತಿ ಉಂಟೆಂದು ನನಗೆ ತೋರದು.

ಮಧ್ಯಾಹ್ನ ಸಂಪುಟವನ್ನು ಹಿಂದಿರುಗಿಸುವಾಗ ಗ್ರಂಥಪಾಲಕಿಯು ಈ ಸ್ಥಳಗಳು ಎಲ್ಲಿವೆಯೆಂದು ಕೇಳಿದಳು. ಚೀಟಿಯ ಹಿಂದೆ ಪೆನ್ಸಿಲಿನಿಂದ ಎರಡು ಗೆರೆ ಎಳೆದು, ಇದು ಕೃಷ್ಣೆ, ಇದು ಭೀಮೆ, ನಡುವಿನದು ನಮ್ಮ ಜಿಲ್ಲೆ ಎಂದು ತೋರಿಸಿದೆನು. ಟೇಲರನು ತನ್ನ ಬರಹದಲ್ಲಿ 'ವಿಬತ್ ಹುಲ್ಲಿ' ಎಂದು ಕರೆದಿರುವ ಊರಿನ ನಿಜವಾದ ಹೆಸರು ವಿಭೂತಿಹಳ್ಳಿಯೆಂದೂ, ವಿಭೂತಿಯೆಂದರೆ ಹಣೆಗೆ ಧರಿಸುವ ಪವಿತ್ರ ಭಸ್ಮವೆಂದೂ ಹೇಳಿದೆನು. ಅವಳು ಎರಡು ಸಲ ಉಚ್ಚರಿಸಿ ನೋಡಿದಳು. ಎರಡನೆಯ ಸಲ ಟೇಲರನಿಗಿಂತ ಚೆನ್ನಾಗಿಯೇ ಬಂದಿತು. ಆಮೇಲೆ ತಾನು ಕಿಲ್ಡೇರ್ ಕಡೆಯವಳೆಂದೂ, ಇಂಗ್ಲಿಷಿನಲ್ಲಿ ಆ ಹೆಸರಿಗೆ ಅರ್ಥವಿಲ್ಲವೆಂದೂ, ಐರಿಷ್ ಬಲ್ಲವರಿಗೆ ಅದು 'ಓಕ್ ಮರದ ಗುಡಿ' ಎಂದು ಕೇಳಿಸುವುದೆಂದೂ ಹೇಳಿದಳು. ಬೇವಿನಹಳ್ಳಿ, ಆಲದಮರದ ಗುಡಿಗಳ ನಾಡಿನಿಂದ ಬಂದ ನನಗೆ ಕಿಲ್ಡೇರ್ ಆ ಕ್ಷಣದಲ್ಲಿ ನೆರೆಯೂರಾಯಿತು.

ಮತ್ತೊಂದು ದಿನ ಹೆರಾಲ್ಡ್ಸ್ ಕ್ರಾಸ್ ಎಂಬ ಬಡಾವಣೆಗೆ ನಡೆದುಹೋದೆನು. ನಗರದ ದಕ್ಷಿಣಕ್ಕೆ, ಗ್ರ್ಯಾಂಡ್ ಕಾಲುವೆಯನ್ನು ದಾಟಿದರೆ ಸಿಗುತ್ತದೆ. ನಿವೃತ್ತನಾದ ಟೇಲರನು ಇಲ್ಲಿಯ 'ಓಲ್ಡ್ ಕೋರ್ಟ್' ಎಂಬ ಮನೆಯಲ್ಲಿ ಕುಳಿತು, ದಖ್ಖಣವನ್ನು ಕುರಿತ ತನ್ನ ಕಾದಂಬರಿಗಳನ್ನು ಬರೆದನು. ನನಗೆ ಆ ಮನೆ ಸಿಗಲಿಲ್ಲ. ಕೇಳಿದ ಇಬ್ಬರು ಮುದುಕರಿಗೂ ಹೆಸರು ತಿಳಿಯದು. ಕೆಂಪಿಟ್ಟಿಗೆಯ ಸಾಲುಮನೆಗಳು, ಒಂದು ಉದ್ಯಾನ, ಮೌಂಟ್ ಜೆರೋಮ್ ಎಂಬ ವಿಶಾಲವಾದ ಸ್ಮಶಾನ. ಆ ಸ್ಮಶಾನದಲ್ಲಿ ನಾಟಕಕಾರ ಸಿಂಜನ ಸಮಾಧಿಯಿದೆ. ಟೇಲರನದನ್ನು ಅಲ್ಲಿ ಹುಡುಕಿ ಫಲವಿಲ್ಲ. ೧೮೭೫ರಲ್ಲಿ, ಕಣ್ಣು ಮಂಜಾಗುತ್ತಿದ್ದ ವಯಸ್ಸಿನಲ್ಲಿ, ಅವನು ಕೊನೆಯ ಸಲ ಹೈದರಾಬಾದನ್ನು ನೋಡಲು ಬಂದನು. ಜ್ವರ ಹಿಡಿದು, ದೃಷ್ಟಿಯನ್ನು ಕಳೆದುಕೊಂಡು ಹಿಂದಿರುಗುವಾಗ, ೧೮೭೬ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮೆಂಟನ್ ಎಂಬ ಕಡಲೂರಿನಲ್ಲಿ ತೀರಿಕೊಂಡನು. ಅವನ ಹೆಂಡತಿಯಾದರೋ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ೧೮೪೪ರಲ್ಲೇ ಇತ್ತ ಅಗಲಿದ್ದಳು.

ಉದ್ಯಾನದ ಬೆಂಚಿನ ಮೇಲೆ ಕುಳಿತಾಗ ನನಗೆ ನೆನಪಾದದ್ದು ಮನೆಯಲ್ಲ, ಮಗು. ೧೮೪೨ರಲ್ಲಿ ಸುರಪುರದ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಅವನ ಮಗ ವೆಂಕಟಪ್ಪನು ಎಳೆಯ ಹುಡುಗ. ರಾಣಿ ಈಶ್ವರಮ್ಮನಿಗೂ ಟೇಲರನಿಗೂ ಹಗ್ಗಜಗ್ಗಾಟ. ಹುಡುಗನ ವಿದ್ಯೆ, ಸಂಸ್ಥಾನದ ಲೆಕ್ಕ, ಎಲ್ಲವೂ ಟೇಲರನ ಕೈಯಲ್ಲಿ. ಹುಡುಗನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ೧೮೫೩ರಲ್ಲಿ ಪಟ್ಟವೇರಿದ ಆ ವೆಂಕಟಪ್ಪ ನಾಯಕನು ೧೮೫೮ರ ಫೆಬ್ರುವರಿಯಲ್ಲಿ ಬ್ರಿಟಿಷರ ವಿರುದ್ಧ ಎದ್ದನು. ಸುರಪುರದ ಯುದ್ಧದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ರಾಜನು ಹೈದರಾಬಾದಿಗೆ ಹೋಗಿ ಸೆರೆಸಿಕ್ಕನು. ಸೆರೆಮನೆಯಲ್ಲಿ ಅವನನ್ನು ಕಂಡು ಮಾತನಾಡಿಸಲು ಸರ್ಕಾರವು ಕಳಿಸಿದ್ದು ಟೇಲರನನ್ನೇ; ಹುಡುಗನು ಆಗಲೂ 'ಅಪ್ಪಾ' ಎಂದು ಕರೆದನೆಂದು ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ತನ್ನ ಜೊತೆಗಾರರ ಹೆಸರುಗಳನ್ನು ಹೇಳಲು ರಾಜನು ಒಪ್ಪಲಿಲ್ಲ. ಚೆಂಗಲ್ಪಟ್ಟಿನ ಸೆರೆಗೆ ಸಾಗಿಸುವಾಗ, ಮೇ ತಿಂಗಳಲ್ಲಿ, ದಾರಿಯ ಬೀಡಿನಲ್ಲಿ ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನ ಪ್ರಾಣ ಹೋಯಿತು. ಅದು ಅವನ ಕೈಯಿಂದಲೇ ಹಾರಿತೆಂದು ಟೇಲರನ ಬರಹ; ಸುರಪುರದ ಜನರೆಲ್ಲರೂ ಅದನ್ನು ಒಪ್ಪುವುದಿಲ್ಲ. ೧೮೬೦ರಲ್ಲಿ ಸಂಸ್ಥಾನವು ನಿಜಾಮನಿಗೆ ಸೇರಿಹೋಯಿತು.

ಟೇಲರನು ಆ ಹುಡುಗನನ್ನು ಪ್ರೀತಿಸಿದನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಪ್ರೀತಿಸಿದವನು ಯಾರ ಉಪ್ಪನ್ನು ತಿಂದಿದ್ದನೆಂಬುದರಲ್ಲಿಯೂ ಸಂದೇಹವಿಲ್ಲ. ಕಲ್ಲುಗಳ ಲೆಕ್ಕವನ್ನು ಅಷ್ಟು ನಿಷ್ಪಕ್ಷಪಾತವಾಗಿ ಬರೆದವನು, ಈ ಒಂದು ಲೆಕ್ಕವನ್ನು ಬರೆಯುವಾಗ ತನ್ನ ಕಣ್ಣೀರನ್ನು ಲೆಕ್ಕಕ್ಕೆ ಹಿಡಿದನು, ತನ್ನ ಸರ್ಕಾರವನ್ನು ಹಿಡಿಯಲಿಲ್ಲ. ಸುರಪುರದಲ್ಲಿ ಪಾಠ ಹೇಳುವಾಗ ನಾನು ಎರಡನ್ನೂ ಹೇಳುತ್ತಿದ್ದೆನು. ಹೆರಾಲ್ಡ್ಸ್ ಕ್ರಾಸಿನಲ್ಲಿ ಕುಳಿತು ಮತ್ತೆ ತೂಗಿ ನೋಡಿದಾಗಲೂ ತಕ್ಕಡಿಯು ಅಲ್ಲಿಯೇ ನ��ಂತಿತು.

ಹಿಂದಿರುಗುವಾಗ ಲಿಫಿಯ ಉತ್ತರ ದಂಡೆಯುದ್ದಕ್ಕೂ ನಡೆದೆನು. ಕಸ್ಟಮ್ ಹೌಸಿನ ಬಳಿ, ನದಿಯ ಕಟ್ಟೆಯ ಮೇಲೆ, ಕಂಚಿನ ಕೆಲವು ಮನುಷ್ಯರು ಹಡಗಿನ ಕಡೆಗೆ ನಡೆದುಹೋಗುತ್ತಿದ್ದಾರೆ. ರೋವನ್ ಗಿಲೆಸ್ಪಿ ಎಂಬ ಶಿಲ್ಪಿಯು ೧೯೯೭ರಲ್ಲಿ ನಿಲ್ಲಿಸಿದ ಬರಗಾಲದ ಸ್ಮಾರಕವದು. ಎಲುಬು ಹೊರಟ ದೇಹಗಳು, ಎದೆಗವುಚಿದ ಗಂಟುಗಳು; ಒಬ್ಬನ ಹೆಗಲ ಮೇಲೆ ಜೋತುಬಿದ್ದ ಒಂದು ಮಗು; ಹಿಂದೆ ಹಸಿದ ಒಂದು ನಾಯಿ. ೧೮೪೫ರಿಂದ ೧೮೫೨ರವರೆಗೆ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಸುಮಾರು ೧೦ ಲಕ್ಷ ಜನ ಸತ್ತರು; ಅಷ್ಟೇ ಜನ ದೇಶಬಿಟ್ಟು ಹಡಗು ಹತ್ತಿದರು. ಅದೇ ಕಾಲಕ್ಕೆ ಇಲ್ಲಿಂದ ಧಾನ್ಯ ತುಂಬಿದ ಹಡಗುಗಳು ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಟೇಲರನು ತೀರಿಕೊಂಡ ೧೮೭೬ರಲ್ಲೇ ದಖ್ಖಣದಲ್ಲಿ ಆರಂಭವಾದ ಮಹಾಕ್ಷಾಮದ ಇತಿಹಾಸವನ್ನು ಓದಿದವರಿಗೆ ಈ ಧಾನ್ಯದ ಕಥೆಯೂ ಹೊಸದಲ್ಲ.

ಆ ಕಂಚಿನ ಮುಖಗಳನ್ನು ನಾನು ನೋಡಿದ್ದೇನೆ. ಯಾದಗಿರಿಯ ರೈಲುನಿಲ್ದಾಣದಲ್ಲಿ ನೋಡಿದ್ದೇನೆ. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷಗಳಲ್ಲಿ ಸುಗ್ಗಿಗೂ ಮೊದಲೇ, ಹಳ್ಳಿಗಳಿಂದ ತಾಂಡಾಗಳಿಂದ ಜನರು ಗುಳೆ ಹೊರಡುತ್ತಾರೆ. ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ. ಜೋಳದ ಹಿಟ್ಟಿನ ಚೀಲ, ಹಂಚು, ಹಾಸಿಗೆಯ ಸುರುಳಿ, ಕಂಕುಳಲ್ಲಿ ಮಗು. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ದೀಪಾವಳಿಯ ಆಚೆಗೆ ಖಾಲಿ ಉಳಿಯುತ್ತಿದ್ದ ಮನೆಗಳು ಯಾವ ಯಾವ ಹುಡುಗರವೆಂದು ನನಗೆ ಈಗಲೂ ಹೇಳಬರುತ್ತದೆ. ಅವರಲ್ಲಿ ಕೆಲವರು ವಿಭೂತಿಹಳ್ಳಿಯ ಕಲ್ಲುಗಳನ್ನು ನನ್ನ ಜೊತೆ ಎಣಿಸಿದವರು. ಈಗ ಬೆಂಗಳೂರಿನಲ್ಲಿ ಬೇರೆಯವರ ಮನೆಗಳಿಗೆ ಕಲ್ಲು ಹೊರುತ್ತಿದ್ದಾರೆ. ಡಬ್ಲಿನ್ನಿಗೆ ಬಂದ ನನ್ನ ಮಗಳೂ ಊರು ಬಿಟ್ಟವಳೇ. ಅವಳು ವಿಮಾನದಲ್ಲಿ, ಓದಿನ ಬಲದಿಂದ, ನಗುತ್ತ ಬಂದವಳು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ನ್ಯಾಯವಲ್ಲ. ಆದರೂ ಮುದನಾಳದ ಮನೆಗೆ ಬೀಗ ಹಾಕುವಾಗ ಕೇಳಿಸುವ ಸದ್ದು ಎರಡು ಸಲವೂ ಒಂದೇ.

ಭಾನುವಾರ ನಾವೆಲ್ಲರೂ ನ್ಯೂಗ್ರೇಂಜಿಗೆ ಹೋದೆವು. ಡಬ್ಲಿನ್ನಿನ ಉತ್ತರಕ್ಕೆ, ಬಾಯ್ನ್ ನದಿಯ ತಿರುವಿನಲ್ಲಿ, ಹಸಿರು ದಿಬ್ಬದ ಮೇಲೆ ಸುಮಾರು ೮೫ ಮೀಟರು ಅಡ್ಡಳತೆಯ ಒಂದು ಮಹಾ ಕಲ್ಗುಪ್ಪೆ. ಕ್ರಿಸ್ತಪೂರ್ವ ೩೨೦೦ರ ಸುಮಾರಿನದು. ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಿರಿದು. ಸುತ್ತಲೂ ೯೭ ಅಂಚುಗಲ್ಲುಗಳು. ಬಾಗಿಲ ಮುಂದಿನ ಕಲ್ಲಿನ ಮೇಲೆ ಸುರುಳಿಸುರುಳಿಯಾಗಿ ಕೆತ್ತಿದ ಗೆರೆಗಳು, ನಮ್ಮ ಅಂಗಳದಲ್ಲಿ ಎಳೆದಿಟ್ಟ ರಂಗೋಲಿಯಂತೆ. ಒಳಗೆ ೧೯ ಮೀಟರಿನ ಇಕ್ಕಟ್ಟಾದ ಹಾದಿ. ಅದರ ಕೊನೆಗೆ, ಕಲ್ಲಿನ ಮೇಲೆ ಕಲ್ಲನ್ನು ಒಳಸರಿಸಿ ಕಟ್ಟಿದ ಗೋಪುರದ ಕೋಣೆ. ಐದು ಸಾವಿರ ವರ್ಷಗಳ ಐರ್ಲೆಂಡಿನ ಮಳೆಯು ಒಂದು ಹನಿಯಾಗಿ ಒಳಗಿಳಿದಿಲ್ಲವಂತೆ. ನಮ್ಮ ಕಡೆಯ ಹೊಸ ಮಾಳಿಗೆಗಳನ್ನು ಕಂಡವರು ಇದನ್ನು ನಂಬುವುದು ಕಷ್ಟ.

ಚಳಿಗಾಲದ ಅಯನ ಸಂಕ್ರಾಂತಿಯಂದು, ಡಿಸೆಂಬರ್ ೨೧ರ ಸುಮಾರಿಗೆ, ಉದಯಿಸುವ ಸೂರ್ಯನ ಕಿರಣವು ಬಾಗಿಲ ಮೇಲಿನ ಕಿಂಡಿಯಿಂದ ತೂರಿ, ಆ ಉದ್ದನೆಯ ಹಾದಿಯನ್ನು ನಡೆದು, ಗರ್ಭದ ಕೋಣೆಯನ್ನು ಹದಿನೇಳು ನಿಮಿಷ ಬೆಳಗುತ್ತದೆ. ೧೯೬೭ರಲ್ಲಿ ಪ್ರಾಧ್ಯಾಪಕ ಓಕೆಲಿಯವರು ಒಳಗೆ ಒಬ್ಬರೇ ನಿಂತು ಇದನ್ನು ಕಂಡರು. ಆ ದಿನ ಒಳಗೆ ನಿಲ್ಲಲು ಈಗ ಚೀಟಿ ಎತ್ತುತ್ತಾರೆ. ಉಳಿದ ದಿನಗಳ ಯಾತ್ರಿಕರಿಗೆ ಮಾರ್ಗದರ್ಶಿಯು ದೀಪಗಳನ್ನೆಲ್ಲ ಆರಿಸಿ, ಒಂದು ವಿದ್ಯುದ್ದೀಪದಿಂದ ಆ ಕಿರಣದ ಅಣಕವನ್ನು ತೋರಿಸುತ್ತಾಳೆ. ಅಣಕವೇ ಆದರೂ, ಆ ಕಗ್ಗತ್ತಲಲ್ಲಿ ನೆಲದ ಮೇಲೆ ಹೊಂಬಣ್ಣದ ಗೆರೆಯೊಂದು ತೆವಳಿ ಬಂದಾಗ ಎಲ್ಲರೂ ಉಸಿರು ಹಿಡಿದರು. ಮೊಮ್ಮಗನು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡನು.

ಬೆಂಗಳೂರಿನ ಖಗೋಳವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರು ೧೯೯೩ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ವಿಭೂತಿಹಳ್ಳಿಯ ಕಲ್ಲುಸಾಲುಗಳು ಅಯನ ಸಂಕ್ರಾಂತಿಗಳ ಸೂರ್ಯೋದಯ ಸೂರ್ಯಾಸ್ತಗಳ ದಿಕ್ಕನ್ನು ಸೂಚಿಸುತ್ತವೆಂದು ವಾದಿಸಿದ್ದಾರೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಬೇಕೆಂದಿಲ್ಲ. ಆದರೆ ನೋಡತಕ್ಕ ಮಾತು. ಅಲ್ಲಿ ಚೀಟಿಯಿಲ್ಲ, ಮಾರ್ಗದರ್ಶಿಯಿಲ್ಲ. ಸಂರಕ್ಷಿತ ಸ್ಮಾರಕವೆಂಬ ಘನತೆಯುಂಟು, ಕಲ್ಲುಗಳ ನಡುವೆ ಮುಳ್ಳುಕಂಟಿ ಉಂಟು, ಕುರಿಗಳುಂಟು. ನ್ಯೂಗ್ರೇಂಜಿನ ಮುಂಭಾಗದ ಬಿಳಿಗಲ್ಲಿನ ಗೋಡೆಯು ಇಪ್ಪತ್ತನೆಯ ಶತಮಾನದಲ್ಲಿ ಮರಳಿ ಕಟ್ಟಿದ್ದು. ಅದು ಮೂಲದಲ್ಲಿ ಹಾಗೆಯೇ ಇತ್ತೇ ಎಂದು ಅವರಲ್ಲಿಯೇ ವಿವಾದವಿದೆ. ವಿಭೂತಿಹಳ್ಳಿಗೆ ಅಂಥ ಗೋಡೆಯಾಗಲಿ, ಬಸ್ಸುಗಳ ಸಾಲಾಗಲಿ ಬರಲೆಂದು ನಾನು ಹಾರೈಸಲಾರೆನು. ಕುರಿಗಳು ಇರಲಿ, ಕುರಿಗಾಹಿಯು ಹೊರಗಿನವನಿಗೆ ಆ ಕಲ್ಲುಗಳ ಕಥೆಯನ್ನು ಹೇಳಬಲ್ಲವನಾದರೆ ಸಾಕು. ನಮ್ಮ ಹುಣಸಗಿಯ ಬಳಿಯ ಇಸಾಂಪುರದಲ್ಲಿ ಸುಮಾರು ೧೨ ಲಕ್ಷ ವರ್ಷಗಳ ಹಿಂದಿನ ಕಲ್ಲಿನ ಆಯುಧಗಳು ದೊರೆತಿವೆಯೆಂದು ನಾನು ಅಲ್ಲಿಯ ಮಾರ್ಗದರ್ಶಿಗೆ ಹೇಳಿದೆನು. ಅವಳು ವಿನಯದಿಂದ ತಲೆದೂಗಿದಳು, ನಂಬಿದಂತೆ ಕಾಣಲಿಲ್ಲ.

ಅಂದು ಸಂಜೆ ಮಗಳು ಊರಿಂದ ನಾನು ಒಯ್ದಿದ್ದ ಜೋಳದ ಹಿಟ್ಟಿನಿಂದ ರೊಟ್ಟಿ ಬಡಿಯುತ್ತಿದ್ದಳು. ಮೊಮ್ಮಗನು ನನ್ನ ಮೊಬೈಲಿನಲ್ಲಿದ್ದ ವಿಭೂತಿಹಳ್ಳಿಯ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ, ಇವನ್ನು ಯಾರು ಇಟ್ಟರೆಂದು ಇಂಗ್ಲಿಷಿನಲ್ಲಿ ಕೇಳಿದನು. ಕಬ್ಬಿಣದ ಯುಗವನ್ನು ಐದು ವರ್ಷದ ಮಗುವಿಗೆ ಎಲ್ಲಿಂದ ಹೇಳಬೇಕೆಂದು ನಾನು ಯೋಚಿಸುತ್ತಿರುವಾಗ, ಒಲೆಯ ಕಡೆಯಿಂದ ಉತ್ತರ ಬಂದಿತು.

"ಮೋರ್ಯಾರು ಇಟ್ಟಾರ."

ಹುಡುಗನು ತಿರುಗಿದನು. ನಾನೂ ತಿರುಗಿದೆನು.

"ಮೋರ್ಯಾರು ಅಂದ್ರ ಗೇಣುದ್ದ ಮಂದಿ. ಗೇಣು ಅಂದ್ರ ಇಷ್ಟು, ನೋಡು." ಹಿಟ್ಟಿನ ಕೈಯಲ್ಲಿಯೇ ಹೆಬ್ಬೆರಳು ಕಿರುಬೆರಳುಗಳನ್ನು ಅಗಲಿಸಿ ತೋರಿಸಿದಳು. "ಇಷ್ಟೇ ಇದ್ರೂ ಆನಿಯಷ್ಟು ಶಕ್ತಿ. ಗುಡ್ಡದಾಗಿನ ಗುಂಡು ಎತ್ಕೊಂಡು ಬಂದು, ಸಾಲು ಹಚ್ಚಿ ಇಟ್ಟಾರ. ನಿಮ್ಮ ಮುತ್ಯಾನ ಸಾಲ್ಯಾಗ ನಾನೂ ಎಣಿಸೀನಿ. ಎಣಿಸಿದಷ್ಟೂ ತಪ್ಪತಿತ್ತು."

ಅವರು ಈಗ ಎಲ್ಲಿದ್ದಾರೆಂದು ಹುಡುಗನ ಪ್ರಶ್ನೆ. ಅವಳು ಕೈ ತೊಳೆದುಕೊಂಡು ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಅವಳ ಅಜ್ಜಿಯು ಹೇಳುತ್ತಿದ್ದ ಕಥೆಯದು. ಅವಳು ಅದನ್ನು ಮರೆತಿರಬಹುದೆಂದು ನಾನು ತಿಳಿದಿದ್ದೆನು. ಪೂರಾ ಕನ್ನಡದಲ್ಲಿಯೇ ಹೇಳಿದಳು. ಮಗುವಿಗೆ ತಿಳಿಯದ ಕಡೆ ಕೈಯಿಂದ ತೋರಿಸಿದಳು. ಒಲೆಯ ಮೇಲೆ ರೊಟ್ಟಿಯು ಸೀಯುವ ವಾಸನೆ ಬರತೊಡಗಿತು. ನಾನೇ ಎದ್ದುಹೋಗಿ ಅದನ್ನು ತಿರುವಿ ಹಾಕಿದೆನು.